ಗೇಮ್ ತಡವರಿಸಿದರೆ ಮೊದಲು ಅಳೆದು ನೋಡಿ

ಗೇಮ್ ಆಡುವ ಕಂಪ್ಯೂಟರ್‌ನಲ್ಲಿ ಚಿತ್ರ ತಡವರಿಸತೊಡಗಿದರೆ ದೂರು ಮೊದಲು ಹೋಗುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಶಿವಮೊಗ್ಗಕ್ಕೋ ಬೆಂಗಳೂರಿನ ಎಸ್‌.ಪಿ. ರಸ್ತೆಗೋ ಹೋಗಿ ಸಾವಿರಾರು ರೂಪಾಯಿ ಕೊಟ್ಟು ಹೊಸ ಕಾರ್ಡ್ ತಂದು ಹಾಕಿದ ಮೇಲೂ ಜರ್ಕ್ ಹಾಗೆಯೇ ಉಳಿಯುವುದುಂಟು. ಕಾರಣ ಬೇರೆಲ್ಲೋ ಇರುತ್ತದೆ: ಧೂಳು ಕಟ್ಟಿದ ಹೀಟ್‌ಸಿಂಕ್, ಒಂದೇ ಒಂದು ರ‍್ಯಾಮ್, ತುಂಬಿಹೋದ ಡಿಸ್ಕ್, ತಪ್ಪು ಜಾಗಕ್ಕೆ ಚುಚ್ಚಿದ ಕೇಬಲ್. ಇವುಗಳಲ್ಲಿ ಹೆಚ್ಚಿನವನ್ನು ಖರ್ಚಿಲ್ಲದೆ ಸರಿಪಡಿಸಬಹುದು. ಅದಕ್ಕೆ ಬೇಕಾದದ್ದು ಒಂದು ಕ್ರಮ ಮತ್ತು ಸ್ವಲ್ಪ ತಾಳ್ಮೆ.

ತೊಂದರೆ ಯಾವ ಬಗೆಯದು?

ಹೊರನೋಟಕ್ಕೆ ಒಂದೇ ಥರ ಕಂಡರೂ ಮೂರು ತೊಂದರೆಗಳು ಬೇರೆ ಬೇರೆ. ಇಡೀ ಗೇಮ್ ಒಂದೇ ಸಮನೆ ನಿಧಾನವಾಗಿದ್ದರೆ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ) ಕಡಿಮೆಯಾಗಿದೆ ಎಂದರ್ಥ. ಸರಾಗವಾಗಿ ಓಡುತ್ತಾ ಆಗಾಗ ಗಕ್ಕನೆ ನಿಂತು ಮುಂದೆ ಹಾರಿದರೆ ಅದು ಸ್ಟಟರ್. ಚಿತ್ರ ನುಣುಪಾಗಿಯೇ ಇದ್ದು, ಎದುರಾಳಿ ಮಾತ್ರ ಇದ್ದಲ್ಲಿಂದ ಮಾಯವಾಗಿ ಇನ್ನೊಂದೆಡೆ ಕಾಣಿಸಿಕೊಂಡರೆ, ಹೊಡೆದ ಗುಂಡು ತಡವಾಗಿ ತಾಗಿದರೆ ದೋಷ ಇಂಟರ್ನೆಟ್ಟಿನದು. ಕಂಪ್ಯೂಟರ್ ಬಿಚ್ಚಿ ಉಪಯೋಗವಿಲ್ಲ.

ಸ್ಟಟರನ್ನು ಹಿಡಿಯಲು ಸರಾಸರಿ ಎಫ್‌ಪಿಎಸ್ ಸಾಲದು. ಸೆಕೆಂಡಿಗೆ 60 ಫ್ರೇಮ್ ಬರಬೇಕಾದರೆ ಪ್ರತಿ ಫ್ರೇಮ್ 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. 144 ಹರ್ಟ್ಸ್ ಮಾನಿಟರ್ ಆದರೆ ಸಿಗುವ ಕಾಲ 6.9 ಮಿಲಿಸೆಕೆಂಡು. 59 ಫ್ರೇಮ್‌ಗಳು ಹೊತ್ತಿಗೆ ಸರಿಯಾಗಿ ಬಂದು ಒಂದು ಮಾತ್ರ 100 ಮಿಲಿಸೆಕೆಂಡು ತೆಗೆದುಕೊಂಡರೆ ಕಣ್ಣಿಗೆ ಅದು ಎದ್ದು ಕಾಣುತ್ತದೆ. ಸರಾಸರಿ ಮಾತ್ರ 55ರ ಆಸುಪಾಸು ತೋರಿಸಿ ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆದ್ದರಿಂದ ನೋಡಬೇಕಾದ್ದು ಫ್ರೇಮ್ ಟೈಮ್ ಗೆರೆಯನ್ನು. ಅದು ಸಮತಟ್ಟಾಗಿರಬೇಕು. ನಡುನಡುವೆ ಮುಳ್ಳಿನಂತೆ ಎದ್ದರೆ ಪ್ರತಿ ಮುಳ್ಳೂ ಒಂದೊಂದು ಜರ್ಕ್.

ಅಳೆಯುವ ಬಗೆ

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಯಾವ ಕಂಪನಿಯ ಕಾರ್ಡಿದ್ದರೂ ಕೆಲಸ ಮಾಡುತ್ತದೆ. ಅದರ ಜೊತೆಗೆ ಬರುವ ರಿವಾಟ್ಯೂನರ್, ಆಟದ ಪರದೆಯ ಮೂಲೆಯಲ್ಲೇ ಅಂಕಿಗಳನ್ನು ತೋರಿಸುತ್ತದೆ. ಫ್ರೇಮ್ ಟೈಮ್, ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಜಿಪಿಯು ಮೆಮೊರಿ, ಪ್ರೊಸೆಸರ್‌ನ ಪ್ರತಿ ಕೋರಿನ ಬಳಕೆ, ರ‍್ಯಾಮ್, ಜಿಪಿಯು ಮತ್ತು ಪ್ರೊಸೆಸರ್ ಎರಡರ ತಾಪಮಾನ ಮತ್ತು ಕ್ಲಾಕ್ ವೇಗ, ಇಷ್ಟನ್ನು ಆಯ್ದುಕೊಂಡು ಇಪ್ಪತ್ತು ನಿಮಿಷವಾದರೂ ಆಡಬೇಕು. ಮೊದಲ ಐದು ನಿಮಿಷದಲ್ಲಿ ಶಾಖದ ತೊಂದರೆ ಬಯಲಾಗುವುದಿಲ್ಲ.

ಜಿಪಿಯು ಬಳಕೆ ಶೇ 95ರಿಂದ 99 ಇದ್ದರೆ ಗಾಬರಿ ಬೇಡ. ಕಾರ್ಡ್ ತನ್ನ ಪೂರ್ತಿ ಶಕ್ತಿ ಹಾಕಿ ದುಡಿಯುತ್ತಿದೆ. ಜರ್ಕ್ ಹೊಡೆದ ಕ್ಷಣದಲ್ಲಿ ಅದು ಶೇ 50ಕ್ಕೆ ಕುಸಿದರೆ ಕಾರ್ಡ್ ಕೆಲಸವಿಲ್ಲದೆ ಕಾಯುತ್ತಿದೆ ಎಂದೇ ಅರ್ಥ. ಯಾರಿಗಾಗಿ ಕಾಯುತ್ತಿದೆ ಎಂಬುದನ್ನು ಉಳಿದ ಅಂಕಿಗಳು ಹೇಳುತ್ತವೆ. ಪ್ರೊಸೆಸರ್‌ನ ಒಟ್ಟು ಬಳಕೆ ಶೇ 35 ಎಂದಿದ್ದರೂ ಒಂದು ಕೋರ್ ಪೂರ್ತಿ ತುಂಬಿದ್ದರೆ ಆಟ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಕೋರ್‌ಗಳನ್ನು ಬಿಡಿಬಿಡಿಯಾಗಿ ನೋಡಬೇಕು. ಜಿಪಿಯು ಮೆಮೊರಿ ತುಂಬಿದ್ದರೆ ಟೆಕ್ಸ್ಚರ್ ಗುಣಮಟ್ಟವನ್ನು ಒಂದು ಹಂತ ಇಳಿಸಿದರೆ ಸಾಕು. ರೆಸೊಲ್ಯೂಷನ್ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಕಂಡ ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಮತ್ತೆ ಅಳೆಯಬೇಕು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಫಲ ಕೊಟ್ಟಿತು ಎಂಬುದು ಎಂದೂ ತಿಳಿಯುವುದಿಲ್ಲ.

ಖರ್ಚಿಲ್ಲದೆ ಸರಿಹೋಗುವ ತಪ್ಪುಗಳು

ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಕಿಂಡಿಗೆ ಸೇರಿದೆಯೋ ಗ್ರಾಫಿಕ್ಸ್ ಕಾರ್ಡಿನದಕ್ಕೋ ಎಂದು ಮೊದಲು ನೋಡಬೇಕು; ಸೇರಬೇಕಾದ್ದು ಕಾರ್ಡಿಗೆ. ಮನೆಗೆ ಸುಣ್ಣಬಣ್ಣ ಬಳಿಸಿ ಎಲ್ಲವನ್ನೂ ಮತ್ತೆ ಜೋಡಿಸುವಾಗ ಅದನ್ನು ಮದರ್‌ಬೋರ್ಡಿಗೆ ಚುಚ್ಚಿಬಿಡುವುದುಂಟು. 144 ಹರ್ಟ್ಸ್ ಮಾನಿಟರ್ ಕೊಂಡರೂ ವಿಂಡೋಸ್ ಅದನ್ನು 60ಕ್ಕೇ ಇಟ್ಟಿರಬಹುದು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಕೈಯಾರೆ ಬದಲಾಯಿಸಬೇಕು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುವಾಗ ತನ್ನ ಗ್ರಾಫಿಕ್ಸ್ ಶಕ್ತಿಯನ್ನು ತಾನೇ ಬಹಳ ಕಡಿಮೆ ಮಾಡಿಕೊಳ್ಳುತ್ತದೆ, ಹಾಗಾಗಿ ಕರೆಂಟು ಹೋದಾಗ ಆಟ ಸೊರಗುವುದು ಕೆಟ್ಟಿರುವುದರ ಲಕ್ಷಣವಲ್ಲ. ಕಂಪನಿಯ ಚಾರ್ಜರ್ ಬದಲು ಕಡಿಮೆ ವ್ಯಾಟ್‌ನದನ್ನು ಬಳಸಿದರೂ ಇದೇ ಪರಿಣಾಮ.

ರ‍್ಯಾಮ್ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು. 16 ಜಿಬಿಯ ಒಂದೇ ರ‍್ಯಾಮ್‌ಗಿಂತ 8 ಜಿಬಿಯ ಎರಡು ಲೇಸು, ಏಕೆಂದರೆ ಎರಡಿದ್ದಾಗ ಪ್ರೊಸೆಸರ್‌ಗೆ ಡ್ಯುಯಲ್ ಚಾನೆಲ್, ಅಂದರೆ ಮೆಮೊರಿಗೆ ಎರಡು ದಾರಿ, ಸಿಗುತ್ತದೆ. ಪ್ರತ್ಯೇಕ ಕಾರ್ಡಿಲ್ಲದೆ ರೈಜೆನ್ 5 5600ಜಿಯಂಥ ಪ್ರೊಸೆಸರ್‌ನ ಒಳ ಗ್ರಾಫಿಕ್ಸ್‌ನಲ್ಲೇ ಆಡುವವರಿಗೆ ಈ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ. ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮೇ ಆಧಾರ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ರ‍್ಯಾಮ್‌ಗಳನ್ನು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದಕ್ಕೆ ಹಾಕುತ್ತಾರೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡದಿದ್ದರೆ 3200ರ ಡಿಡಿಆರ್4 ರ‍್ಯಾಮ್ 2133ರಲ್ಲೋ 2400ರಲ್ಲೋ ಓಡುತ್ತಿರಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಈ ವೇಗ ಕಾಣುತ್ತದೆ.

ಬಯಲುಸೀಮೆಯ ಶಾಖ, ಧೂಳು

ಕೂಲರ್ ಎಷ್ಟೇ ಒಳ್ಳೆಯದಿದ್ದರೂ ಅದು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಕೋಣೆ 24 ಡಿಗ್ರಿ ಇದ್ದಾಗ 75 ಡಿಗ್ರಿ ತೋರಿಸುವ ಚಿಪ್, ಕೋಣೆ 36 ಆದಾಗ ಹೆಚ್ಚುಕಡಿಮೆ 87 ತೋರಿಸುತ್ತದೆ. ಡಿಸೆಂಬರಿನಲ್ಲಿ ಸರಾಗವಾಗಿ ಓಡಿದ ಗೇಮ್, ಏಪ್ರಿಲ್ ಮಧ್ಯಾಹ್ನ ಕಡೂರಿನ ತಾರಸಿ ಕೆಳಗಿನ ಕೋಣೆಯಲ್ಲಿ ತಡವರಿಸುವುದಕ್ಕೆ ಇಷ್ಟೇ ಕಾರಣವಿರಬಹುದು. ಇಂಟೆಲ್‌ನ ಹಲವು ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ, ರೈಜೆನ್ 7000 ಸರಣಿಯ ಹೆಚ್ಚಿನವುಗಳದು 95. ಆ ಗೆರೆ ಮುಟ್ಟಿದೊಡನೆ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ, ತಣಿದ ಮೇಲೆ ಏರಿಸುತ್ತದೆ. ಈ ಏರಿಳಿತವೇ ಪರದೆಯ ಮೇಲೆ ಜರ್ಕ್ ಆಗಿ ಕಾಣುತ್ತದೆ. ತಾಪಮಾನ ಏರಿದ ಹೊತ್ತಿಗೇ ಕ್ಲಾಕ್ ವೇಗ ಕುಸಿದರೆ ಮಾತ್ರ ಶಾಖವನ್ನು ದೂರಬೇಕು. ವೇಗ ಕುಸಿಯದಿದ್ದರೆ 85 ಡಿಗ್ರಿ ಕಂಡರೂ ಕಾರಣ ಬೇರೆ.

ಪರೀಕ್ಷೆ ಸುಲಭ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಆಟ ಆಡಿ ನೋಡಬೇಕು. ತಾಪಮಾನ ಎಂಟು ಹತ್ತು ಡಿಗ್ರಿ ಇಳಿದರೆ ಒಳಗೆ ಗಾಳಿ ಓಡಾಡುತ್ತಿಲ್ಲ. ಆದರೆ ಬಾಗಿಲು ತೆಗೆದೇ ಇಡುವುದು ಈ ಸೀಮೆಗೆ ಆಗದು. ಅಜ್ಜಂಪುರದ ಕಡೆ ರಾಗಿ ಒಕ್ಕಣೆಯ, ಈರುಳ್ಳಿ ಸುಗ್ಗಿಯ ದಿನಗಳಲ್ಲಿ, ಹೆದ್ದಾರಿ ಬದಿಯ ಬೀರೂರು, ಕಡೂರಿನ ಮನೆಗಳಲ್ಲಿ ವರ್ಷವಿಡೀ ನುಣುಪು ಧೂಳು ಒಳಬರುತ್ತದೆ. ಮಲೆನಾಡಿನ ಅಂಚಿನ ತರೀಕೆರೆಯಲ್ಲಿ ಮಳೆಗಾಲದ ತೇವಕ್ಕೆ ಅದೇ ಧೂಳು ಹೀಟ್‌ಸಿಂಕಿನ ರೆಕ್ಕೆಗಳಿಗೆ ಮೆತ್ತಿಕೊಂಡು ಪದರವಾಗುತ್ತದೆ.

ಶುಚಿ ಮಾಡುವಾಗ ಪ್ಲಗ್ ಕಿತ್ತು, ಬ್ಲೋಯರ್ ಹಿಡಿದು ಹೊರಗೆ ಅಂಗಳದಲ್ಲಿ ಊದಬೇಕು. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡ, ಅದರಲ್ಲಿ ನೀರಿನ ಹನಿ ಬರುತ್ತದೆ. ಕೆಲವು ವರ್ಷ ಹಳೆಯದಾದ ಪ್ರೊಸೆಸರ್‌ನ ಥರ್ಮಲ್ ಪೇಸ್ಟ್ ಒಣಗಿ ಬಿರಿದಿರಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ ಕೂಲರ್ ಬಿಗಿಯಬೇಕು. ಇದಾದ ಮೇಲೂ ಬೇಸಗೆಯಲ್ಲಿ ಕಾವು ಹೆಚ್ಚಾದರೆ ಎಫ್‌ಪಿಎಸ್‌ಗೆ ಮಿತಿ ಹಾಕುವುದು ಒಳ್ಳೆಯ ದಾರಿ. 60 ಹರ್ಟ್ಸ್ ಮಾನಿಟರ್ ಇರುವವರಿಗೆ 110 ಫ್ರೇಮ್ ತಯಾರಿಸುವ ಕಾರ್ಡಿನಿಂದ ಹೆಚ್ಚು ಸಿಗುವುದು ಬಿಸಿಯೇ.

ಕರೆಂಟಿನ ಪಾಲೆಷ್ಟು?

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳಿಗೆ ವಿದ್ಯುತ್ ಕೊಡುವುದು ಮೆಸ್ಕಾಂ. ಅಡಿಕೆ, ತೆಂಗಿನ ತೋಟಗಳ ನಡುವಿನ ಮನೆಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿಗೆ 230 ಇರಬೇಕಾದ ವೋಲ್ಟೇಜ್ ಕುಸಿಯುತ್ತದೆ. ಗೇಮ್ ನಿಧಾನವಾಗುವುದಕ್ಕೆ ಇದೇ ಕಾರಣ ಎಂಬ ನಂಬಿಕೆ ಇದೆ, ಅದು ಸರಿಯಲ್ಲ. ಕಂಪ್ಯೂಟರ್‌ನೊಳಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಒಳ್ಳೆಯದಾಗಿದ್ದರೆ 100ರಿಂದ 240 ವೋಲ್ಟ್‌ವರೆಗೆ ಯಾವುದು ಬಂದರೂ ಒಳಗಿನ 12 ವೋಲ್ಟನ್ನು ಸ್ಥಿರವಾಗಿ ಕೊಡುತ್ತದೆ. ವಿದ್ಯುತ್ತಿನ ದೋಷ ಕಾಣಿಸಿಕೊಳ್ಳುವ ರೀತಿಯೇ ಬೇರೆ: ಭಾರಿ ಗೇಮ್ ತೆರೆದ ಕೂಡಲೇ ಕಂಪ್ಯೂಟರ್ ಆಫ್ ಆಗುತ್ತದೆ ಅಥವಾ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಅಗ್ಗದ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಇದ್ದರೆ ಮೊದಲು ಬದಲಾಯಿಸಬೇಕಾದ್ದು ಅದನ್ನೇ. ಅದು ಸುಟ್ಟರೆ ಜೊತೆಗೆ ಬೋರ್ಡನ್ನೂ ಕಾರ್ಡನ್ನೂ ಕೊಂಡೊಯ್ಯಬಹುದು.

ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಇದ್ದರೆ ಇನ್ವರ್ಟರ್ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಬೇಕು. ಇನ್ನೊಂದು ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಹಿಡಿದು ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಗೇಮಿಂಗ್ ಕಂಪ್ಯೂಟರ್‌ಗೆ ಹೊಂದದು, ಸೈನ್ ವೇವ್ ಬೇಕು. ಕ್ಯಾಬಿನೆಟ್ ಮುಟ್ಟಿದಾಗ ಜುಂ ಎಂದರೆ ಅರ್ಥಿಂಗ್ ಇಲ್ಲ. ಎಲೆಕ್ಟ್ರೀಷಿಯನ್ನರನ್ನು ಕರೆಸಿ ಸರಿ ಮಾಡಿಸುವವರೆಗೆ ಕಂಪ್ಯೂಟರ್ ಹಚ್ಚಬಾರದು.

ಡಿಸ್ಕ್

ಹಳೆಯ ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಗೇಮ್ ಇದ್ದರೆ ಹೊಸ ಪ್ರದೇಶಕ್ಕೆ ಕಾಲಿಟ್ಟಾಗಲೆಲ್ಲ ಜರ್ಕ್ ಹೊಡೆಯುತ್ತದೆ. 2015ರಲ್ಲಿ ಪಿಸಿಗೆ ಬಂದ ಜಿಟಿಎ 5 ಹಾರ್ಡ್‌ಡಿಸ್ಕ್‌ನಲ್ಲೂ ಓಡಿತು. 2023ರ ಸ್ಟಾರ್‌ಫೀಲ್ಡ್‌ಗೆ ಎಸ್‌ಎಸ್‌ಡಿ ಕಡ್ಡಾಯ. ರ‍್ಯಾಮ್ 8 ಜಿಬಿ ಮಾತ್ರ ಇದ್ದು ಅದು ತುಂಬಿದಾಗ ವಿಂಡೋಸ್ ಮಿಕ್ಕದ್ದನ್ನು ಡಿಸ್ಕಿಗೆ ಬರೆಯುತ್ತದೆ, ಆಗ ಟಾಸ್ಕ್ ಮ್ಯಾನೇಜರ್ ಡಿಸ್ಕ್ ಬಳಕೆಯನ್ನು ಶೇ 100 ತೋರಿಸುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೊ ತೆರೆದು ಡಿಸ್ಕಿನ ಆರೋಗ್ಯ ನೋಡಬೇಕು. ಹಳದಿ ಎಚ್ಚರಿಕೆ ಕಂಡರೆ ಆಟದ ಚಿಂತೆ ಬಿಟ್ಟು ಮನೆಯ ಫೋಟೊ, ಪಹಣಿ, ಅಂಕಪಟ್ಟಿಗಳನ್ನು ಅದೇ ದಿನ ಬೇರೆಡೆ ನಕಲು ಮಾಡಿಕೊಳ್ಳಬೇಕು. ಎಸ್‌ಎಸ್‌ಡಿಯಲ್ಲೂ ಐದನೆಯ ಒಂದು ಪಾಲು ಖಾಲಿ ಬಿಟ್ಟರೆ ಒಳಿತು.

ತಂತ್ರಾಂಶದ ಕಾರಣಗಳು

ಯಂತ್ರದಲ್ಲಿ ದೋಷವೇ ಇಲ್ಲದೆ ಬರುವ ಜರ್ಕ್ ಕೂಡ ಇದೆ. ಬೆಳಕು, ನೀರು, ಹೊಗೆಯಂಥವುಗಳನ್ನು ಬಿಡಿಸುವ ಶೇಡರ್ ಎಂಬ ಚಿಕ್ಕ ಪ್ರೋಗ್ರಾಂಗಳನ್ನು ಪ್ರತಿ ಕಾರ್ಡಿಗೂ ಅಲ್ಲಲ್ಲೇ ಸಿದ್ಧಪಡಿಸಬೇಕಾಗುತ್ತದೆ. ಆಟದ ನಡುವೆ ಈ ಕೆಲಸ ನಡೆದರೆ ಮೊದಲ ಸ್ಫೋಟಕ್ಕೆ ಜರ್ಕ್ ಬರುತ್ತದೆ, ಎರಡನೆಯದಕ್ಕೆ ಬರುವುದಿಲ್ಲ. 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಈ ಕೆಲಸವನ್ನು ಆರಂಭದಲ್ಲೇ ಮಾಡುತ್ತದೆ, ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಅಂಥ ಕಡೆ ಅವಸರಪಡದೆ, ಕರೆಂಟು ನೆಚ್ಚಬಹುದಾದ ಹೊತ್ತಿನಲ್ಲಿ ಪೂರ್ತಿ ಮುಗಿಯಲು ಬಿಡಬೇಕು. ಡ್ರೈವರ್ ಅಪ್‌ಡೇಟ್ ಮಾಡಿದ ಮೇಲೆ ಸಿದ್ಧವಿದ್ದ ಶೇಡರ್‌ಗಳು ಅಳಿದು ಜರ್ಕ್ ಒಂದೆರಡು ದಿನ ಮರಳಬಹುದು. ಅದು ಹೊಸ ಡ್ರೈವರಿನ ದೋಷವೇ ಆಗಬೇಕೆಂದಿಲ್ಲ.

ರೈಜೆನ್ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ 11 ಹಾಕಿದವರಿಗೆ ಇನ್ನೊಂದು ವಿಚಾರ ಗೊತ್ತಿರಬೇಕು. ಎಫ್‌ಟಿಪಿಎಂ ಎಂಬ ಭದ್ರತಾ ವ್ಯವಸ್ಥೆಯಿಂದ ಕೆಲವು ಬೋರ್ಡುಗಳಲ್ಲಿ ಆಗಾಗ ಇಡೀ ಕಂಪ್ಯೂಟರ್ ಕ್ಷಣಕಾಲ ನಿಲ್ಲುತ್ತದೆಂದು ಎಎಂಡಿ ಸಂಸ್ಥೆಯೇ 2022ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಪರಿಹಾರ, ಎಜೀಸಾ ಎಂಬ ಎಎಂಡಿ ಫರ್ಮ್‌ವೇರ್‌ನ 1.2.0.7 ಅಥವಾ ಅದಕ್ಕಿಂತ ಹೊಸ ಆವೃತ್ತಿಯಿರುವ ಬಯಾಸ್‌ನಲ್ಲಿದೆ. ಬಯಾಸ್ ಅಪ್‌ಡೇಟ್ ನಡುವೆ ಕರೆಂಟು ಹೋದರೆ ಬೋರ್ಡ್ ಸತ್ತಂತೆ, ಆದ್ದರಿಂದ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು.

ವಿಂಡೋಸ್‌ನ ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ಸೌಲಭ್ಯವನ್ನು ಆಫ್ ಮಾಡಿದರೆ ವೇಗ ಸ್ವಲ್ಪ ಹೆಚ್ಚುತ್ತದೆ ಎಂಬುದು ನಿಜ. ಆದರೆ ಮನೆಯವರ ಬ್ಯಾಂಕ್ ವ್ಯವಹಾರವೂ ಅದೇ ಕಂಪ್ಯೂಟರ್‌ನಲ್ಲಿ ನಡೆಯುತ್ತಿದ್ದರೆ ಅದಕ್ಕಾಗಿ ಭದ್ರತೆ ಬಿಟ್ಟುಕೊಡುವುದು ತರವಲ್ಲ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬಂದ ಕ್ರ್ಯಾಕ್ ಗೇಮ್‌ಗಳೊಂದಿಗೆ ಕ್ರಿಪ್ಟೊ ಮೈನಿಂಗ್ ಮಾಡುವ ಕಳ್ಳ ತಂತ್ರಾಂಶ ಬರುವುದುಂಟು. ಯಾವ ಗೇಮೂ ತೆರೆಯದೆ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅನುಮಾನಪಟ್ಟು ಪೂರ್ತಿ ಸ್ಕ್ಯಾನ್ ಮಾಡಿಸಬೇಕು.

ಇಂಟರ್ನೆಟ್

ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ರೂಟರ್‌ಗೇ ಪಿಂಗ್ ಮಾಡಿ, ಅಂದರೆ ಸಂದೇಶ ಹೋಗಿ ಬರುವ ಕಾಲ ಅಳೆದು, ನೋಡಬೇಕು. ಅಲ್ಲಿಯೇ ಅಂಕಿ ಏರಿಳಿದರೆ ತೊಂದರೆ ಮನೆಯೊಳಗಿನ ವೈಫೈಯದು. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಗೆ ಲ್ಯಾನ್ ಕೇಬಲ್ ಎಳೆಯುವುದೇ ಮದ್ದು. ರೂಟರ್‌ವರೆಗೆ ಸರಿಯಿದ್ದು ಆಚೆ ಕೆಟ್ಟರೆ ಇಂಟರ್ನೆಟ್ ಕಂಪನಿಗೆ ದೂರು ಕೊಡಬೇಕು. ವ್ಯಾಲರಂಟ್‌ನಂಥ ಗೇಮ್‌ಗೆ ಮುಂಬೈ ಸರ್ವರ್ ಇದೆ. ಗೇಮ್ ಸಿಂಗಾಪುರದ ಸರ್ವರ್ ಆಯ್ದುಕೊಂಡಿದ್ದರೆ ಬದಲಾಯಿಸಿದರೆ ಸಾಕು.

ಇಷ್ಟೆಲ್ಲ ಆದಮೇಲೆ ದುಡ್ಡು ಹಾಕಲೇಬೇಕಾದರೆ ಎಸ್‌ಎಸ್‌ಡಿ, ಜೋಡಿ ರ‍್ಯಾಮ್, ಭರವಸೆಯ ಎಸ್‌ಎಂಪಿಎಸ್ ಮೊದಲು. ಗ್ರಾಫಿಕ್ಸ್ ಕಾರ್ಡ್ ಕೊನೆಗೆ, ಅದೂ ಜಿಪಿಯು ಬಳಕೆ ಸದಾ ಶೇ 99 ಇದ್ದು, ಸೆಟ್ಟಿಂಗ್ಸ್ ಇಳಿಸಿದರೂ ಎಫ್‌ಪಿಎಸ್ ಸಾಲದಾದಾಗ ಮಾತ್ರ. ರಿಪೇರಿ ಅಂಗಡಿಗೆ ಹೋಗುವವರು ಅಂಕಿಗಳನ್ನು ಬರೆದಿಟ್ಟ ಕಾಗದವನ್ನು ಕಂಪ್ಯೂಟರ್ ಜೊತೆಗೇ ಒಯ್ಯಬೇಕು.