ಸ್ವಿಚ್ಚಿಗೆ ಕೈ ಹಚ್ಚುವ ಮೊದಲು

ಗ್ರಾಮ ಪಂಚಾಯ್ತಿಗಳ ತನಕ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಇಂದು ಅದಕ್ಕೆ ಭಾರತ್‌ನೆಟ್ ಎನ್ನುತ್ತೇವೆ. ಕೇಬಲ್ ಬಂದ ಮೇಲೆ ಕಚೇರಿಯೊಳಗಿನ ನೆಟ್‌ವರ್ಕ್ ಸ್ವಿಚ್ಚನ್ನು ದಿನಾ ಕಾಯುವವರು ಊರವರೇ. ಬೆಳ್ಳಟ್ಟಿಯಂಥ ಹಳ್ಳಿಯಲ್ಲಿ ಅದು ಕೈಕೊಟ್ಟರೆ ತಿಳಿದವರು ಶಿರಹಟ್ಟಿಯಿಂದಲೋ ಲಕ್ಷ್ಮೇಶ್ವರದಿಂದಲೋ ಗದಗದಿಂದಲೋ ಬಸ್ಸು ಹಿಡಿದು ಬರಬೇಕು. ಅಲ್ಲಿಯ ತನಕ ಉತಾರಕ್ಕೆ ಬಂದವರು ಕಟ್ಟೆಯ ಮೇಲೆ ಕಾಯಬೇಕು. ಸೆಟ್ಟಿಂಗ್‌ಗಳ ನಕಲು ಕೈಯಲ್ಲಿದ್ದರೆ ಈ ಕಾಯುವಿಕೆ ಎಷ್ಟೋ ತಪ್ಪುತ್ತದೆ. ನಕಲು ತೆಗೆಯಲು ಸರಳ ದಾರಿ ಟಿಎಫ್‌ಟಿಪಿ ಎಂಬ ಫೈಲ್ ಸಾಗಿಸುವ ಪದ್ಧತಿ; ಲ್ಯಾಪ್‌ಟಾಪಿನಲ್ಲಿ ಅದರ ಸರ್ವರ್ ಪ್ರೋಗ್ರಾಮ್ ಓಡುತ್ತಿರಬೇಕು. ಸಿಸ್ಕೊ ಸ್ವಿಚ್ಚನ್ನು ಇಟ್ಟುಕೊಂಡು ಹೇಳುತ್ತೇನೆ. ಬೇರೆ ಕಂಪನಿಯದಾದರೆ ಕಮಾಂಡ್ ಬದಲಾಗಬಹುದು, ಕ್ರಮ ಇದೇ.

1. ಏನನ್ನೂ ಬದಲಿಸುವ ಮೊದಲು ನಕಲು ತೆಗೆಯಿರಿ. ಕಮಾಂಡ್ 'ಕಾಪಿ ರನ್ನಿಂಗ್-ಕಾನ್ಫಿಗ್ ಟಿಎಫ್‌ಟಿಪಿ'. ಫೈಲಿನ ಹೆಸರಲ್ಲಿ ಊರು, ಕೋಣೆ, ದಿನಾಂಕ ಮೂರೂ ಇರಲಿ.

2. ಆ ಕಮಾಂಡ್ ಓಡಬೇಕಾದರೆ ಲ್ಯಾಪ್‌ಟಾಪ್, ಸ್ವಿಚ್ ಎರಡೂ ಒಂದೇ ಓಣಿಯಲ್ಲಿ, ಅಂದರೆ ಒಂದೇ ಸಬ್‌ನೆಟ್‌ನಲ್ಲಿ, ಇರಬೇಕು. ಉದಾಹರಣೆಗೆ ಸ್ವಿಚ್ಚಿಗೆ 192.168.10.2, ಲ್ಯಾಪ್‌ಟಾಪಿಗೆ 192.168.10.1, ಮಾಸ್ಕ್ ಎರಡಕ್ಕೂ 255.255.255.0. ಆಮೇಲೆ ಸ್ವಿಚ್ಚಿನಿಂದ ಪಿಂಗ್ ಮಾಡಿ. ತೆರೆಯ ಮೇಲೆ ಮೊದಲು ಒಂದು ಚುಕ್ಕಿ, ಹಿಂದೆಯೇ ನಾಲ್ಕು ಆಶ್ಚರ್ಯಸೂಚಕ ಬಂದರೆ ಗಾಬರಿ ಬೇಡ. ಲ್ಯಾಪ್‌ಟಾಪಿನ ವಿಳಾಸ ಹುಡುಕುವಷ್ಟರಲ್ಲಿ ಮೊದಲ ಪ್ಯಾಕೆಟ್ ತಪ್ಪಿಹೋಗಿರುತ್ತದೆ. ಐದೂ ಚುಕ್ಕಿಯೇ ಆದರೆ ಕೇಬಲ್ ನೋಡಿ, ವಿಲ್ಯಾನ್ ನೋಡಿ, ವಿಂಡೋಸ್ ಫೈರ್‌ವಾಲ್ ನೋಡಿ.

3. ಪಿಂಗ್ ಸರಿಯಿದ್ದೂ ಫೈಲ್ ಹೋಗದಿದ್ದರೆ ಅನುಮಾನ ಮತ್ತೆ ಫೈರ್‌ವಾಲ್ ಮೇಲೆಯೇ. ಸ್ವಿಚ್ ಮೊದಲು ಯುಡಿಪಿ 69ನೇ ಪೋರ್ಟನ್ನು ತಟ್ಟುತ್ತದೆ, ಆದರೆ ಸರ್ವರ್ ಉತ್ತರಿಸುವುದು ಬೇರೊಂದು ಪೋರ್ಟಿನಿಂದ. 69 ಒಂದನ್ನೇ ತೆರೆದರೆ ಮಾತು ಅರ್ಧಕ್ಕೆ ನಿಲ್ಲಬಹುದು. ಟಿಎಫ್‌ಟಿಪಿ ಪ್ರೋಗ್ರಾಮಿಗೇ ಅನುಮತಿ ಕೊಡಿ. ಫೈರ್‌ವಾಲನ್ನು ಪೂರ್ತಿ ಆರಿಸಬೇಡಿ.

4. ಲಿನಕ್ಸ್ ಸರ್ವರ್ ಆದರೆ ನಕಲಿಗಿಡುವ ಹೆಸರಿನದೇ ಖಾಲಿ ಫೈಲನ್ನು ಮೊದಲೇ ಮಾಡಿ, ಬರೆಯುವ ಅನುಮತಿ ಕೊಟ್ಟಿಡಿ. ಎಷ್ಟೋ ಸರ್ವರ್‌ಗಳು ಇಲ್ಲದ ಫೈಲನ್ನು ತಾವಾಗಿ ಹುಟ್ಟಿಸುವುದಿಲ್ಲ.

5. ದೊಡ್ಡ ಫೈಲಿಗೆ ಟಿಎಫ್‌ಟಿಪಿಯನ್ನು ನೆಚ್ಚಬೇಡಿ. 1981ರಲ್ಲಿ ಪ್ರಕಟವಾಗಿ 1992ರಲ್ಲಿ ತಿದ್ದುಪಡಿಯಾದ ಈ ಪದ್ಧತಿ 512 ಬೈಟಿನ ತುಣುಕುಗಳನ್ನು ಒಂದೊಂದಾಗಿ ಕಳಿಸುತ್ತದೆ. ಲಾರಿ ಮೇಲಿನ ಹಮಾಲ ಒಂದು ಚೀಲ ಕೊಟ್ಟು, ಕೆಳಗಿನವನು 'ಬಂತು' ಎಂದ ಮೇಲಷ್ಟೇ ಮುಂದಿನ ಚೀಲಕ್ಕೆ ಕೈ ಹಾಕಿದಂತೆ. ಚೀಲಕ್ಕೆ ಹಾಕುವ ನಂಬರ್ 65,535ಕ್ಕೆ ಮುಗಿಯುವುದರಿಂದ ಹಳೆಯ ಸರ್ವರ್‌ಗಳಲ್ಲಿ ಸುಮಾರು 32 ಎಂಬಿ ದಾಟಿದ ಫೈಲ್ ನಡುವೆಯೇ ನಿಂತುಬಿಡುತ್ತದೆ. ಸೆಟ್ಟಿಂಗ್ ಫೈಲ್ ಕೆಲವೇ ಕೆಬಿ, ಅದಕ್ಕೆ ಟಿಎಫ್‌ಟಿಪಿ ಧಾರಾಳವಾಯಿತು. ಹೊಸ ಸಾಫ್ಟ್‌ವೇರ್ ಹಾಕುವುದಿದ್ದರೆ ಎಸ್‌ಸಿಪಿ ಅಥವಾ ಪೆನ್‌ಡ್ರೈವ್ ಬಳಸಿ.

6. ಯುಪಿಎಸ್ ಇಲ್ಲದೆ ಸಾಫ್ಟ್‌ವೇರ್ ಬದಲಿಸಲೇಬೇಡಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಸಂಜೆ ಅಂತೂ ಬೇಡವೇ ಬೇಡ. ಹೊಸ ಫೈಲ್ ಇಳಿದ ಮೇಲೆ 'ವೆರಿಫೈ' ಕಮಾಂಡಿನಿಂದ ಅದರ ಎಂಡಿ5 ಅಂಕೆಯನ್ನು ಕಂಪನಿ ಕೊಟ್ಟ ಅಂಕೆಯ ಜೊತೆ ತಾಳೆ ನೋಡಿ. ತಾಳೆಯಾಗುವ ತನಕ ಹಳೆಯದನ್ನು ಅಳಿಸಬೇಡಿ.

7. ಕೆಲಸ ಮುಗಿದ ಕೂಡಲೇ ಸರ್ವರ್ ಮುಚ್ಚಿ. ಟಿಎಫ್‌ಟಿಪಿಗೆ ಪಾಸ್‌ವರ್ಡ್ ಎಂಬುದೇ ಇಲ್ಲ, ನೆಟ್‌ವರ್ಕಿನಲ್ಲಿ ಇದ್ದವರೆಲ್ಲ ಫೈಲ್ ಕೇಳಿ ಪಡೆಯಬಹುದು. ಸೆಟ್ಟಿಂಗ್ ಫೈಲಿನೊಳಗೆ ಸ್ವಿಚ್ಚಿನ ಪಾಸ್‌ವರ್ಡ್‌ಗಳಿರುತ್ತವೆ. ಸಿಸ್ಕೊದ 'ಟೈಪ್ 7' ಗುಪ್ತಲಿಪಿಯನ್ನು ಬಿಡಿಸುವುದು ಕ್ಷಣದ ಕೆಲಸ. ಒಂದು ನಕಲನ್ನು ಬೀಗ ಹಾಕಿದ ಕಪಾಟಿನಲ್ಲಿ, ಇನ್ನೊಂದನ್ನು ಬೇರೆ ಕಟ್ಟಡದಲ್ಲಿ ಇಡಿ.

8. ನಕಲನ್ನು ಮರಳಿ ಹಾಕುವಾಗ ಬಹಳ ಮಂದಿ ಎಡವುತ್ತಾರೆ. ರನ್ನಿಂಗ್-ಕಾನ್ಫಿಗ್‌ಗೆ ನಕಲಿಸಿದರೆ ಹಳೆಯದು ಹೋಗುವುದಿಲ್ಲ, ಹೊಸದು ಅದರ ಜೊತೆ ಬೆರೆಯುತ್ತದೆ. ಪೂರ್ತಿ ಬದಲಾಗಬೇಕಾದರೆ ಸ್ಟಾರ್ಟಪ್-ಕಾನ್ಫಿಗ್‌ಗೆ ಹಾಕಿ 'ರೀಲೋಡ್' ಕೊಡಿ. ಆಗ ಸ್ವಿಚ್ 'ಈಗಿನ ಬದಲಾವಣೆಗಳನ್ನು ಉಳಿಸಲೇ?' ಎಂದು ಕೇಳಿದರೆ 'ನೋ' ಎನ್ನಿ. 'ಯೆಸ್' ಎಂದರೆ ಆಗಷ್ಟೇ ತಂದಿಟ್ಟ ಒಳ್ಳೆಯ ನಕಲಿನ ಮೇಲೆ ಕೆಟ್ಟದ್ದು ಮತ್ತೆ ಬಂದು ಕೂರುತ್ತದೆ.