ಡೀಸೆಲ್ ಎಂಜಿನ್‌ನ ಎಲ್ಬೋ: ಹನಿ ಕಾಣದ ಸೋರಿಕೆ

ಉಜನಿ ಜಲಾಶಯದ ಹಿನ್ನೀರಿನಿಂದ ಕಬ್ಬಿಗೆ ನೀರೆತ್ತುವ ಇಂದಾಪುರದ ಓದುಗರು ವಿವರಿಸಿರುವ ದೋಷ, ಅಂದರೆ ಡೀಸೆಲ್ ಎಂಜಿನ್ ಚಾಲೂ ಆಗಿ ಕೆಲವೇ ನಿಮಿಷಗಳಲ್ಲಿ ನಿಂತುಹೋಗುವುದು, ಬಹುಮಟ್ಟಿಗೆ ಇಂಧನದ ಕೊಳವೆಯೊಳಗೆ ಗಾಳಿ ಸೇರಿರುವುದರ ಲಕ್ಷಣವಾಗಿದ್ದು, ಪಂಪನ್ನು ಬಿಚ್ಚುವ ಮೊದಲು ಎಲ್ಬೋವನ್ನು, ಎಂದರೆ ಕೊಳವೆಯ ದಾರಿಯನ್ನು ಸಾಮಾನ್ಯವಾಗಿ 90 ಡಿಗ್ರಿ ತಿರುಗಿಸುವ ಮೊಣಕೈ ಆಕಾರದ ಜೋಡಣೆಯನ್ನು, ಪರೀಕ್ಷಿಸುವುದು ಉಚಿತ. ಟ್ಯಾಂಕ್ ಎಂಜಿನ್‌ಗಿಂತ ಕೆಳಗಿರುವ ವ್ಯವಸ್ಥೆಯಲ್ಲಿ ಫೀಡ್ ಪಂಪು ಡೀಸೆಲನ್ನು ಹೀರಿಕೊಳ್ಳುವುದರಿಂದ, ಸಡಿಲವಾದ ಜೋಡಣೆಯು ಹೊರಗೆ ಒಂದು ಹನಿಯನ್ನೂ ತೋರಿಸದೆ ಒಳಗೆ ಗಾಳಿಯನ್ನು ಎಳೆದುಕೊಳ್ಳಬಲ್ಲದು. ಒಣಗಿದ ಎಲ್ಬೋವನ್ನು ನಿರ್ದೋಷವೆಂದು ಬಗೆಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಈ ಎಲ್ಬೋಗಳಲ್ಲಿ ಹಲವು, ಫೆರೂಲ್ ಎಂಬ ಹಿತ್ತಾಳೆಯ ಸಣ್ಣ ಬಳೆಯನ್ನು ನಟ್ಟಿನಿಂದ ಕೊಳವೆಯ ಮೇಲೆ ಒತ್ತಿ ಹಿಡಿದು ಸೋರಿಕೆಯನ್ನು ತಡೆಯುತ್ತವೆ. ಅತಿಯಾಗಿ ಬಿಗಿದರೆ ಬಳೆಯು ಕೊಳವೆಯನ್ನೇ ಅಮುಕಿಬಿಡುವುದರಿಂದ, ಎಲ್ಬೋವನ್ನು ಒಂದು ಸ್ಪ್ಯಾನರಿನಿಂದ ಅಲುಗದಂತೆ ಹಿಡಿದು ಇನ್ನೊಂದರಿಂದ ನಟ್ಟನ್ನು ಹದವಾಗಿ ತಿರುಗಿಸಬೇಕು; ಬಳೆಯಲ್ಲಿ ಗೀರು ಕಂಡರೆ ಟೇಪು ಸುತ್ತಿ ಮುಂದುವರಿಸದೆ ಅದನ್ನು ಬದಲಿಸಬೇಕು, ಏಕೆಂದರೆ ಟೇಪಿನ ಚೂರುಗಳು ಡೀಸೆಲ್‌ನೊಂದಿಗೆ ಹರಿದು ದಾರಿಯನ್ನು ಕಟ್ಟಬಲ್ಲವು. ನೀರಿನ ಪೈಪಿಗೆ ಬಳಸುವ ಸತು ಲೇಪಿತ ಜಿಐ ಎಲ್ಬೋವನ್ನು ಅಗ್ಗವೆಂದು ಕೊಳ್ಳಬಾರದು. ಸತುವು ಡೀಸೆಲ್‌ನೊಂದಿಗೆ ವರ್ತಿಸಿ ಫಿಲ್ಟರನ್ನು ಕೆಡಿಸುವ ಗಸಿಯನ್ನು ಉಂಟುಮಾಡುತ್ತದೆ.

ಇಂಜೆಕ್ಷನ್ ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಕೊಳವೆಯ ಮಾತು ಬೇರೆ. ಅಲ್ಲಿನ ಒತ್ತಡವು ಹಳೆಯ ಎಂಜಿನ್‌ಗಳಲ್ಲೂ 200 ಬಾರ್‌ನ ಆಸುಪಾಸಿನಲ್ಲಿರುವುದರಿಂದ ಸಾಧಾರಣ ಎಲ್ಬೋ ಸಲ್ಲದು, ಎಂಜಿನ್ ಚಾಲೂ ಇರುವಾಗ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಲೇಬಾರದು. ಡೀಸೆಲ್ ಚರ್ಮದೊಳಗೆ ನುಗ್ಗಿದರೆ, ಗಾಯ ಸೂಜಿಮೊನೆಯಷ್ಟೇ ಇದ್ದರೂ, ತಕ್ಷಣ ಆಸ್ಪತ್ರೆಗೆ ಹೋಗಬೇಕು.