ಹೂವುದುರಿದ ಆರ್ಕಿಡ್ಡಿನ ಆರೈಕೆ

ಪೇಟೆಯಿಂದ ತಂದ ಫೆಲನಾಪ್ಸಿಸ್ ಜಾತಿಯ ಆರ್ಕಿಡ್ ಹೂವುದುರಿಸಿದೊಡನೆ, ಸತ್ತಿತೆಂದು ನಾವು ಅದನ್ನು ತಿಪ್ಪೆಗೆ ಎಸೆಯಕೂಡದು. ಅದು ದಣಿವಾರಿಸಿಕೊಳ್ಳುತ್ತಿರುವದು, ಅಷ್ಟೇ.

ಮಲೆನಾಡಿನ ಸೀತಾಳೆದಂಡೆಯಂತೆ ಇದೂ ಮರದ ತೊಗಟೆಗಂಟಿ ಬೆಳೆಯುವ ಗಿಡ. ಬೇರಿಗೆ ಗಾಳಿ ಬೇಕು. ನಮ್ಮ ಮಾಕಣಿಯ ಎರೆಮಣ್ಣು ಜೋಳಕ್ಕೆ ಒಳ್ಳೆಯದಾದರೂ ಇದರ ಬೇರನ್ನು ಕೊಳೆಸುವದು. ತೂತುಳ್ಳ ಕುಂಡದಲ್ಲಿ ಇದ್ದಿಲು, ತೊಗಟೆಯ ಚೂರುಗಳನ್ನೇ ತುಂಬತಕ್ಕದ್ದು.

ಹೂದಂಟು ಒಣಗಿದ್ದರೆ ಬುಡಕ್ಕೆ ಕತ್ತರಿಸಬೇಕು. ಹಸುರಿದ್ದರೆ ಕೆಳಗಿನಿಂದ ಎರಡನೆಯ ಗೆಣ್ಣಿನ ಮೇಲೆ. ಬೇರು ಬೂದುಬಣ್ಣಕ್ಕೆ ತಿರುಗಿದಾಗ ಬೆಳಿಗ್ಗೆ ನೀರು ಹಾಕಬೇಕು, ಹಸುರಿದ್ದರೆ ತಡೆಯಬೇಕು. ಸುಳಿಯಲ್ಲಿ ನೀರು ನಿಲ್ಲಬಾರದು.

ನಮ್ಮ ಬೇಸಿಗೆಯ ಒಣಗಾಳಿಯೇ ಇದಕ್ಕೆ ದೊಡ್ಡ ವೈರಿ. ಬಿಸಿಲು ನೇರ ಬೀಳದ, ಬೆಳಕುಳ್ಳ ಕಿಟಕಿಯಲ್ಲಿ, ಹರಳು ಹಾಕಿ ನೀರೆರೆದ ತಟ್ಟೆಯ ಮೇಲೆ, ತಳಕ್ಕೆ ನೀರು ತಾಗದಂತೆ ಕುಂಡವನ್ನಿಡಬೇಕು. ಚಳಿಗಾಲದಲ್ಲಿ ಕೆಲವು ವಾರ ರಾತ್ರಿಯ ತಂಪು 15ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೊಸ ಹೂದಂಟು ಮೂಡುವದುಂಟು.